ಬೀರು ಎಲ್ಲೂ ಹೋಗಂಗಿಲ್ಲ

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರವೇ ನಮ್ಮ ಮಲಗೋ ಕೋಣೆಯನ್ನು ಸ್ವಲ್ಪ ಚೆಂದ ಮಾಡೋಣ ಅಂತ ಹೊರಟೆ. ಮುಗಿದದ್ದು ಬಾದಾಮಿ ಮಾವು ಅಂಗಡಿಗೆ ಬಂದ ಮೇಲೆ. 11 ಅಡಿ ಉದ್ದ, 10 ಅಡಿ ಅಗಲದ ಒಂದೇ ಒಂದು ರೂಮಿಗೆ ನಾಲ್ಕು ತಿಂಗಳು! ಅಷ್ಟು ಹೊತ್ತಿಗೆ ಪಕ್ಕದ ಬೀದಿಯಲ್ಲಿ ಒಬ್ಬರು ಇಡೀ ಒಂದು ಅಂತಸ್ತು ಎಬ್ಬಿಸಿದ್ದರು.

ಮನೆ ಇರೋದು ಬೆಂಗಳೂರಿನ ಶ್ರೀನಗರದಲ್ಲಿ. ಅಪ್ಪ 1986ರಲ್ಲಿ ಕಟ್ಟಿಸಿದ್ದು. ಮೂವತ್ತು-ನಲವತ್ತರ ಸೈಟು, ಹತ್ತಡಿ ಎತ್ತರದ ಸೂರು, ಕೆಂಪು ಗಾರೆ ನೆಲ, ತಲೆ ಮೇಲೆ ಸಜ್ಜಾ. ಆ ಸಜ್ಜಾದ ತುಂಬ ಗೌರಿ ಹಬ್ಬಕ್ಕೊಮ್ಮೆ ಇಳಿಯೋ ಪಾತ್ರೆಗಳು, ಯಾರೂ ಮುಟ್ಟದ ಎರಡು ಸೂಟ್‌ಕೇಸು. ಗೋಡೆಗೆ ಒರಗಿ ಅಮ್ಮನ ಬೀರು. ಅಮ್ಮ ಮಲಗೋದು ಪಕ್ಕದ ಚಿಕ್ಕ ರೂಮಿನಲ್ಲಿ. ಬೀರು ಅಲ್ಲಿ ಹಿಡಿಸೋದಿಲ್ಲ. ಹಾಗಾಗಿ ಮದುವೆಯಾದ ಮೇಲೂ ನಮ್ಮ ರೂಮಿನಲ್ಲಿ ನಾನು, ನನ್ನ ಗಂಡ ಮತ್ತು ಬೀರು.

ಫೋನಿನಲ್ಲಿ ಚೆಂದದ ಬೆಡ್‌ರೂಮುಗಳ ಫೋಟೋ ಕೂಡಿಡೋ ಚಟ ನನಗೂ ಇತ್ತು. ಬಿಳಿ ಹಾಸಿಗೆ, ಬೆತ್ತದ ದೀಪ, ಮೂಲೆಯಲ್ಲೊಂದು ಗಿಡ. ನೂರಾರು ಫೋಟೋ ಆದ ಮೇಲೆ ಒಂದು ವಿಷಯ ಹೊಳೆಯಿತು. ಒಂದರಲ್ಲೂ ಬೀರು ಇಲ್ಲ. ಬಟ್ಟೆ ಸ್ಟ್ಯಾಂಡ್ ಇಲ್ಲ, ಸೊಳ್ಳೆ ಬತ್ತಿ ಮೆಷಿನ್ ಇಲ್ಲ, ಮಂಚದ ಕೆಳಗೆ ಅಕ್ಕಿ ಮೂಟೆ ಇಲ್ಲ. ಆ ಮನೆಯವರು ಸಾಮಾನೆಲ್ಲ ಎಲ್ಲಿ ಇಡ್ತಾರೋ ದೇವರೇ ಬಲ್ಲ.

ಮೊದಲು ಒಂದು ಇಂಟೀರಿಯರ್ ಕಂಪನಿಯವರನ್ನು ಕರೆಸಿದೆವು. ಒಬ್ಬ ಹುಡುಗ ಲೇಸರ್ ಹಿಡಿದು ಅಳತೆ ತೆಗೆದುಕೊಂಡು ಹೋದ. ಮೂರನೇ ದಿನ ಟ್ಯಾಬ್‌ನಲ್ಲಿ ಚಿತ್ರ ತಂದು ತೋರಿಸಿದ. ಸೂರಿಗೆ ಫಾಲ್ಸ್ ಸೀಲಿಂಗ್, ಒಂದು ಗೋಡೆ ಪೂರ್ತಿ ವಾರ್ಡ್‌ರೋಬ್, ಗಾರೆ ನೆಲದ ಮೇಲೆ ಮರದ ಹಾಗೆ ಕಾಣೋ ವಿನೈಲ್ ಹಾಳೆ. 4.8 ಲಕ್ಷ. ಅಮ್ಮ ಕನ್ನಡಕ ಹಾಕಿಕೊಂಡು ಟ್ಯಾಬನ್ನು ಹತ್ತಿರ ಹಿಡಿದು ನೋಡಿದರು.

"ಬೀರು ಎಲ್ಲಿ?"

"ಅದನ್ನ ಡಿಸ್ಪೋಸ್ ಮಾಡ್ಬೋದು ಆಂಟಿ."

ಅಮ್ಮನ ತವರು ಇಳಕಲ್ ಕಡೆ. ಬೆಂಗಳೂರಿಗೆ ಬಂದು ನಲವತ್ತು ವರ್ಷ ದಾಟಿದೆ. ನಮ್ಮ ಜೊತೆ ಇಲ್ಲಿಯ ಹಾಗೇ ಮಾತಾಡುತ್ತಾರೆ. ಸಿಟ್ಟು ಬಂದರೆ ಮಾತ್ರ ಊರಿನ ಮಾತು ತಾನಾಗೇ ಬರುತ್ತದೆ. "ಬೀರು ಎಲ್ಲೂ ಹೋಗಂಗಿಲ್ಲ ನೋಡಪಾ. ಅದು ಹೋದ್ರ ಅದರ ಹಿಂದ ನಾನೂ ಹೋಗ್ತೀನಿ" ಅಂದರು. ಹುಡುಗ ಕಾಫಿ ಕುಡಿದು ಹೋದ. ಮತ್ತೆ ಫೋನ್ ಮಾಡಲಿಲ್ಲ. ನಾವೂ ಮಾಡಲಿಲ್ಲ.

ಆ ರಾತ್ರಿ ನನಗೂ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಿಗ್ಗೆ ಟೇಪು ಹಿಡಿದು ಕೂತಾಗ ಬೇರೆ ದಾರಿ ಕಂಡಿತು. ಹೋಗದೇ ಇರೋದು ಯಾವುದೋ ಅದನ್ನು ಮೊದಲು ನಿಲ್ಲಿಸಿ, ಉಳಿದದ್ದನ್ನು ಅದರ ಸುತ್ತ ಜೋಡಿಸೋದು. ಹಳೇ ಪೇಪರುಗಳನ್ನು ಅಂಟಿಸಿ ಬೀರು ಅಳತೆಗೆ ಒಂದು, ಮಂಚದ ಅಳತೆಗೆ ಒಂದು ಕತ್ತರಿಸಿ ಹಾಲಿನ ನೆಲದ ಮೇಲೆ ರೂಮಿನ ಅಳತೆಯಲ್ಲಿ ಹಾಸಿದೆ. ಬೀರು ಆಳ 19 ಇಂಚು. ಅದರ ಬಾಗಿಲು ತೆಗೆದು ಮುಂದೆ ನಿಲ್ಲಲು 36 ಇಂಚು ಬೇಕೇ ಬೇಕು. ನಮ್ಮ ಮಂಚ 72 ಇಂಚು ಅಗಲ. ಗೋಡೆ ಕಡೆ ಉಳಿಯೋದು ಬರೀ 5 ಇಂಚು. ಇಷ್ಟು ವರ್ಷ ಗೋಡೆ ಕಡೆ ಮಲಗಿದ ನಾನು ರಾತ್ರಿ ಎದ್ದರೆ ಗಂಡನನ್ನು ದಾಟಿಕೊಂಡೇ ಹೋಗಬೇಕಿತ್ತು. ಅದು ಯಾಕೆ ಅಂತ ಪೇಪರ್ ಹಾಸಿದ ಮೇಲೆ ಗೊತ್ತಾಯಿತು. 60 ಇಂಚಿನ ಮಂಚವಾದರೆ 17 ಇಂಚು ಸಿಗುತ್ತದೆ. ಒಬ್ಬರು ನಡೆದು ಹೋಗಬಹುದು.

ಹೊಸ ಮಂಚ ಕೊಳ್ಳಲಿಲ್ಲ. ನಮ್ಮದು ಗಟ್ಟಿ ಮತ್ತಿ ಮರದ್ದು. ಅದನ್ನು ಮಾಡಿದ್ದ ಆಚಾರ್ರ ಮಗ ಈಗಲೂ ಗವಿಪುರದಲ್ಲಿ ಕೆಲಸ ಮಾಡುತ್ತಾರೆ. ತಲೆಕಡೆ, ಕಾಲುಕಡೆ ಹಲಗೆಗಳನ್ನು ಒಂದೊಂದು ಅಡಿ ಕೊಯ್ದು ಮತ್ತೆ ಕೂಡಿಸಿಕೊಟ್ಟರು. ಕೊಯ್ದ ತುಂಡುಗಳಲ್ಲೇ ಗೋಡೆಗೆ ಒಂದು ಪುಟ್ಟ ಹಲಗೆ ಹೊಡೆದರು. ಈಗ ನನ್ನ ಕನ್ನಡಕ, ಫೋನು, ನೀರಿನ ಲೋಟ ಇರೋದು ಅದರ ಮೇಲೆ. ಮಂಚದ ಕೆಳಗೆ ಎರಡು ಡ್ರಾಯರ್ ಬೇಕು ಅಂದಾಗ ಪ್ಲೈವುಡ್ ಆರಿಸೋದನ್ನೂ ಅವರೇ ಹೇಳಿಕೊಟ್ಟರು. ಹಾಳೆ ಮೇಲೆ ಐಎಸ್ 710 ಅಂತ ಮುದ್ರೆ ಇದ್ದರೆ ಅದು ನೀರಿಗೆ ಜಗ್ಗದ್ದು, 303 ಅಂತಿದ್ದರೆ ಮಾಮೂಲಿ ಒಳಗಿನ ಕೆಲಸಕ್ಕೆ. "ಬಚ್ಚಲ ಗೋಡೆ ಪಕ್ಕ ಅಲ್ವಾ ಅಕ್ಕ, 710ಏ ತಗೊಳ್ಳಿ" ಅಂದರು.

ಬಚ್ಚಲ ಗೋಡೆ. ಅಲ್ಲಿಗೆ ಬಂದೆ.

ಬೀರು ಸರಿಸಿದ ದಿನ ಎರಡು ಸಿಕ್ಕವು. ಒಂದು, ಮುಂದಿನ ಎಡಗಾಲಿನ ಅಡಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ನಾಲ್ಕು ನಾಲ್ಕಾಣೆ. ಅಮ್ಮ ಅವನ್ನು ಸೆರಗಿನಲ್ಲಿ ಒರೆಸಿ ಒಳಗೆ ಇಟ್ಟುಕೊಂಡರು. ಇನ್ನೊಂದು, ಬೀರು ಹಿಂದಿನ ಗೋಡೆ. ಮೊಣಕಾಲೆತ್ತರದವರೆಗೆ ಉಪ್ಪು ಬಿಟ್ಟು, ಬಣ್ಣ ಹಪ್ಪಳದ ಹಾಗೆ ಚಕ್ಕೆ ಎದ್ದಿತ್ತು. ಪೇಂಟರ್ ಬೆರಳಿನ ಗೆಣ್ಣಿನಿಂದ ಕುಟ್ಟುತ್ತಾ ಹೋದರು. ಮೇಲೆ ಟಣ್ ಟಣ್. ಕೆಳಗೆ ಬಂದ ಹಾಗೆ ಡಬ್ ಡಬ್. "ಇದಕ್ಕೆ ಪುಟ್ಟಿ ಹಾಕಿ ಬಣ್ಣ ಹೊಡೆದ್ರೆ ದೀಪಾವಳಿಗೆ ಮತ್ತೆ ನನ್ನೇ ಕರೀತೀರ" ಅಂದರು.

ತೇವ ಒಳಗಿಂದ ಬರುತ್ತಿದೆಯೋ ರೂಮಿನ ಗಾಳಿಯದೋ ಅಂತ ನೋಡಲು ಅವರು ಹೇಳಿದ ಉಪಾಯ ಸುಲಭದ್ದು. ಚಪಾತಿ ಸುತ್ತೋ ಫಾಯಿಲ್ ಒಂದಡಿ ಕತ್ತರಿಸಿ, ನಾಲ್ಕೂ ಕಡೆ ಟೇಪು ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡೋದು. ನೀರಿನ ಹನಿ ಫಾಯಿಲಿನ ಹಿಂದೆ ಕೂತರೆ ಗೋಡೆಯೊಳಗಿನ ನೀರು, ಮುಂದೆ ಕೂತರೆ ರೂಮಿನ ಗಾಳಿಯದು. ನಮ್ಮದು ಹಿಂದೆ, ಅದೂ ಇಬ್ಬನಿಯ ಹಾಗೆ ದಟ್ಟವಾಗಿ. ಪ್ಲಂಬರ್ ಬಂದು ಬಚ್ಚಲಿನ ಕಡೆಯಿಂದ ಒಡೆದಾಗ ಹಳೇ ಜಿಐ ಕಬ್ಬಿಣದ ಪೈಪಿನ ಒಂದು ಎಲ್ಬೋ, ಅಂದರೆ ತಿರುವಿನ ತುಂಡು, ತುಕ್ಕು ಹಿಡಿದು ಹನಿ ಹನಿ ಸೋರುತ್ತಿತ್ತು. ಎಷ್ಟು ವರ್ಷದಿಂದಲೋ. ಆ ಸಾಲು ಪೂರ್ತಿ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸಿದೆವು. ಡಬ್ ಡಬ್ ಅಂದ ಗಾರೆಯನ್ನೆಲ್ಲ ಕಿತ್ತು ಹೊಸದಾಗಿ ಹಾಕಿಸಿದೆವು. ಆಮೇಲೆ ಐದು ವಾರ ಸುಮ್ನೆ ಕಾದೆವು. ಗೋಡೆ ಒಣಗಬೇಕಲ್ಲ. ಜನವರಿಯಲ್ಲಿ ಶುರು ಮಾಡಿದ್ದು ಅದೃಷ್ಟ. ಮಳೆಗಾಲದಲ್ಲಾಗಿದ್ದರೆ ಈ ಗೋಡೆ ಯಾವಾಗ ಒಣಗುತ್ತಿತ್ತೋ. ಖರ್ಚಿನಲ್ಲಿ ದೊಡ್ಡ ಪಾಲು ಹೋದದ್ದು ಈ ಗೋಡೆಗೇ. ಫೋಟೋದಲ್ಲಿ ಅದು ಕಾಣೋದೂ ಇಲ್ಲ.

ಬಣ್ಣದ ವಿಷಯದಲ್ಲಿ ತಪ್ಪು ನನ್ನದೇ. ಶೇಡ್ ಕಾರ್ಡಿನಲ್ಲಿ ಬೆರಳಗಲದ ಚೌಕ ನೋಡಿ ಸೇಜ್ ಗ್ರೀನ್ ಅಂದೆ. "ರೆಡಿ ಶೇಡಾ, ಮೆಷಿನ್ ಶೇಡಾ?" ಅಂತ ಅಂಗಡಿಯವರು ಕೇಳಿದರು. ಮೆಷಿನ್‌ನಲ್ಲಿ ಕಲಸಿಕೊಟ್ಟರು. ನಾಲ್ಕು ಲೀಟರ್. ಒಂದು ಗೋಡೆಗೆ ಒಂದು ಕೋಟ್ ಹೊಡೆದು ಮುಗಿಯೋ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ನಮ್ಮ ಕಿಟಕಿ ಪಡುವಣಕ್ಕೆ. ಬಿಸಿಲು ಕೆಂಪು ನೆಲಕ್ಕೆ ಬಿದ್ದು, ಆ ಕೆಂಪು ಗೋಡೆಗೆ ಹಾರಿ, ತಿಳಿ ಹಸಿರೆಲ್ಲ ನಿನ್ನೆಯ ಪುದೀನ ಚಟ್ನಿಯ ಹಾಗಾಯಿತು. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ, ಏನೂ ಮಾತಾಡದೆ ಟೀ ಮಾಡಲು ಹೋದರು. ಮೆಷಿನ್‌ನಲ್ಲಿ ಕಲಸಿದ ಬಣ್ಣವನ್ನು ಅಂಗಡಿಯವರು ವಾಪಸ್ ತಗೊಳ್ಳೋದಿಲ್ಲ. ಅದು ಈಗ ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನ ಗೋಡೆ ಮೇಲಿದೆ. ಅಲ್ಲಿ ಬಿಸಿಲೇ ಬರೋದಿಲ್ಲ, ಚೆನ್ನಾಗೇ ಕಾಣುತ್ತದೆ.

ಎರಡನೇ ಸಲ ಚಿಕ್ಕ ಡಬ್ಬಿಗಳಲ್ಲಿ ಮೂರು ಬಣ್ಣ ತಂದು ಬಾಗಿಲಗಲದ ಪಟ್ಟಿಗಳನ್ನು ಎರಡು ಗೋಡೆಗೆ ಬಳಿಸಿದೆ. ಬೆಳಿಗ್ಗೆ ನೋಡಿದೆ, ಮೂರು ಗಂಟೆಗೆ ನೋಡಿದೆ, ರಾತ್ರಿ ಲೈಟು ಹಾಕಿ ನೋಡಿದೆ. ಗೆದ್ದದ್ದು ಸುಣ್ಣಕ್ಕೆ ಒಂದು ಚಿಟಿಕೆ ಅರಿಶಿನ ಬಿದ್ದ ಹಾಗಿರೋ ಬಿಳಿ. ನೆಲದ ಕೆಂಪು ಅದರ ಮೇಲೆ ಬಿದ್ದರೆ ಬೆಚ್ಚಗೆ ಕಾಣುತ್ತದೆ, ಕೊಳೆಯಾಗಿ ಕಾಣೋದಿಲ್ಲ. ಗಾರೆ ನೆಲವಿರೋ ಮನೆಯವರಿಗೆ ನನ್ನದೊಂದು ಮಾತು: ಬಣ್ಣ ಆರಿಸುವಾಗ ಕಾರ್ಡನ್ನು ಅಂಗಡಿಯ ಟೇಬಲ್ ಮೇಲೆ ಇಡಬೇಡಿ, ಮನೆಗೆ ತಂದು ನೆಲದ ಮೇಲೆ ಇಡಿ.

ನೆಲಕ್ಕೆ ನಾವು ಏನೂ ಮಾಡಿಸಲಿಲ್ಲ. ಅಲ್ಲಲ್ಲಿ ಸೀಳು ಇದೆ, ಇರಲಿ. ತೇಪೆ ಹಾಕಿದರೆ ಹೊಸ ಕೆಂಪು ಹಳೇ ಕೆಂಪಿಗೆ ಎಂದೂ ಸೇರೋದಿಲ್ಲ. ಪಾಲಿಷ್ ಅಂದರೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜೋದು, ಅಷ್ಟೇ. ಜಾಸ್ತಿ ಹಾಕಿದರೆ ಜಾರುತ್ತದೆ. ನನ್ನ ಗಂಡ ಸಾಕ್ಷಿ.

ಈಗ ಬೀರು ಕಥೆ. ಆರೂವರೆ ಅಡಿ ಎತ್ತರ, ಬೂದು ಬಣ್ಣ, ಎಡಗಡೆ ಬಾಗಿಲಲ್ಲಿ ಕನ್ನಡಿ. ಎಲ್ಲರೂ ಗಾಡ್ರೇಜ್ ಬೀರು ಅಂತಾರೆ. ನಮ್ಮದು ಗಾಡ್ರೇಜ್ ಅಲ್ಲ, ಆದರೆ ಬೆಂಗಳೂರಲ್ಲಿ ಕಬ್ಬಿಣದ ಬೀರು ಅಂದರೆ ಎಲ್ಲವೂ ಗಾಡ್ರೇಜೇ. ಕೆಳಗೆ ತುಕ್ಕು, ಬಲ ಮಗ್ಗುಲಲ್ಲಿ ನಾನು ಸೈಕಲ್ ಗುದ್ದಿಸಿದ ತಗ್ಗು. ಮನೆಯಲ್ಲೇ ಬ್ರಷ್ ಹಿಡಿದು ಬಣ್ಣ ಹೊಡೆದರೆ ಗೆರೆ ಗೆರೆ ಉಳಿಯುತ್ತದೆ ಅಂತ ಪೇಂಟರೇ ಹೇಳಿದರು. ಪೌಡರ್ ಕೋಟಿಂಗ್ ಮಾಡಿಸೋಣ ಅಂದರೆ ಬೀರನ್ನು ಪೂರ್ತಿ ಬಿಚ್ಚಿ ಒಲೆಯಲ್ಲಿ ಬೇಯಿಸಬೇಕು, ಒಳಗಿನ ಬಣ್ಣವೂ ಹೋಗುತ್ತದೆ. ಅಮ್ಮ ಅದಕ್ಕೆ ಒಪ್ಪಲಿಲ್ಲ. ಕಡೆಗೆ ಮೈಸೂರು ರಸ್ತೆಯಲ್ಲಿ ಬ್ಯಾಟರಾಯನಪುರದ ಹತ್ತಿರ ಕಾರುಗಳಿಗೆ ಟಿಂಕರಿಂಗ್ ಮಾಡೋ ಒಂದು ಗ್ಯಾರೇಜು ಸಿಕ್ಕಿತು. ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಹೋದೆವು. ಮೇಸ್ತ್ರಿ ಸುತ್ತ ಒಂದು ಸುತ್ತು ಹಾಕಿ, "ಕಾರಾದ್ರೆ ಇನ್ಶೂರೆನ್ಸ್ ಅಂತೀನಿ, ಬೀರುಗೆ ಏನಂತ ಬಿಲ್ ಬರೀಲಿ ಮೇಡಂ?" ಅಂದರು. 6,500 ರೂಪಾಯಿಗೆ ಮಾತಾಯಿತು.

ಕೆಲಸ ನೋಡಲು ನಾನು ಎರಡು ದಿನ ಹೋದೆ. ಹಿಡಿ, ಬೀಗ ಬಿಚ್ಚಿದರು. ಕನ್ನಡಿಗೆ ಪೇಪರ್ ಕಟ್ಟಿದರು. ತಗ್ಗನ್ನು ಒಳಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಎಬ್ಬಿಸಿದರು, ಉಳಿದದ್ದಕ್ಕೆ ಮೆಟಲ್ ಪುಟ್ಟಿ. ನೀರು ಹಾಕಿ ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದರು. ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಆ ಮಗ್ಗುಲ ಮೇಲೆ ಸವರಿ ನೋಡುತ್ತಿದ್ದ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದಂತೆ. ಆಮೇಲೆ ಪ್ರೈಮರ್. ಅದೂ ರೆಡ್ ಆಕ್ಸೈಡ್. ನಮ್ಮ ನೆಲದಲ್ಲಿರೋದೂ ಅದೇ ಕಬ್ಬಿಣದ ಕೆಂಪು, ಬೀರುಗೆ ತುಕ್ಕು ಹಿಡಿಯದ ಹಾಗೆ ಮೊದಲು ಬಳಿಯೋದೂ ಅದೇ. ಒಂದು ದಿನ ಪೂರ್ತಿ ಬೀರು ನಮ್ಮ ನೆಲದ ಬಣ್ಣದಲ್ಲಿ ನಿಂತಿತ್ತು. ಅದರ ಮೇಲೆ ನಾನು ಆರಿಸಿದ್ದ ಹಸಿರು ಹಾರಿಸಿದರು. ಸೇಜ್ ಅಲ್ಲ, ಹಲಸಿನ ಎಲೆಯ ಹಸಿರು. ಎಲೆಗಿರೋ ಹೊಳಪೂ ಸೇರಿ. ಕೆಂಪು ನೆಲದ ಮೇಲೆ ತಿಳಿ ಹಸಿರು ಸೋತಿತ್ತಲ್ಲ, ಗಾಢ ಹಸಿರು ನಿಂತುಕೊಂಡಿತು.

ಹೊರಗೆ ಮಾತ್ರ. "ಒಳಗ ಮುಟ್ಟಬ್ಯಾಡ ಅಂತ ಹೇಳವಗ" ಅಂತ ಅಮ್ಮ ನನಗೆ ಮೂರು ಸಲ ಹೇಳಿ ಕಳಿಸಿದ್ದರು. ಬಲ ಬಾಗಿಲಿನ ಒಳಮೈಯಲ್ಲಿ ಬನಶಂಕರಿಯ ಕ್ಯಾಲೆಂಡರ್ ಚಿತ್ರ, ಅದರ ಕೆಳಗೆ ಪೆನ್ಸಿಲಿನಲ್ಲಿ 1991ರ ಹಾಲಿನ ಲೆಕ್ಕ. ತಾರೀಖಿನ ಮುಂದೆ ಅರ್ಧ, ಅರ್ಧ, ಒಂದು, ಅರ್ಧ. ಒಂದು ಬಂದ ದಿನ ಮನೆಗೆ ಯಾರೋ ನೆಂಟರು ಬಂದಿರಬೇಕು. ಹುಡುಗ ಅದರ ಮೇಲೂ ಪೇಪರ್ ಅಂಟಿಸಿಯೇ ಕೆಲಸ ಮಾಡಿದ.

ಲೈಟಿನ ಮಾತು. ನಮ್ಮಲ್ಲಿ ರೂಮಿಗೊಂದು ಟ್ಯೂಬ್‌ಲೈಟ್, ಅದು ನಡುಗೋಡೆಗೆ. ಬಲ್ಬಿನ ಡಬ್ಬಿ ಮೇಲೆ 6500ಕೆ ಅಂತಿದ್ದರೆ ಹಾಲು ಬಿಳಿ ಬೆಳಕು, ಅಂಗಡಿಯವರ ಭಾಷೆಯಲ್ಲಿ ಕೂಲ್ ಡೇ. 2700ಕೆ ಅಂದರೆ ಹಳೇ ಕಾಲದ ಬುರುಡೆ ಬಲ್ಬಿನ ಹಳದಿ, ವಾರ್ಮ್. ನಂಬರ್ ಇಳಿದಷ್ಟೂ ಬೆಳಕು ಹಳದಿ. ನಾನು ಎಸ್.ಪಿ. ರೋಡಿನಿಂದ 2700ರ 5 ವಾಟ್ ಬಲ್ಬು ಎರಡು ತಂದು ಮಂಚದ ಎರಡೂ ಕಡೆ ಪ್ಲಗ್ಗಿಗೆ ಹಾಕೋ ದೀಪ ಇಟ್ಟೆ. ಗೋಡೆ ಮತ್ತೆ ಕೊರೆಯಲು ನನಗೂ ಧೈರ್ಯ ಇರಲಿಲ್ಲ, ಪೇಂಟರ್‌ಗೂ ತಾಳ್ಮೆ ಇರಲಿಲ್ಲ. ಟ್ಯೂಬ್‌ಲೈಟ್ ತೆಗೆಯಲಿಲ್ಲ. ಸೂಜಿಗೆ ದಾರ ಪೋಣಿಸಲು, ಬೀರಿನಲ್ಲಿ ಕಪ್ಪು ಸೀರೆಗೂ ನೀಲಿ ಸೀರೆಗೂ ಫರಕು ನೋಡಲು ಅಮ್ಮನಿಗೆ ಅದೇ ಬೇಕು. ರಾತ್ರಿ ಒಂಬತ್ತರ ಮೇಲೆ ಹಳದಿ. ಆ ಬೆಳಕಿಗೆ ಗೋಡೆ ಕಾಸಿದ ತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಬದಲಾವಣೆ ಇನ್ಯಾವುದರಿಂದಲೂ ಆಗಲಿಲ್ಲ.

ತಲೆಕಡೆ ಗೋಡೆಗೆ ಅಮ್ಮನ ಟ್ರಂಕಿನಲ್ಲಿದ್ದ ನವಲಗುಂದದ ಜಮಖಾನ. ಮೊದಲು ನೆಲಕ್ಕೆ ಹಾಸಿದ್ದೆ. ಕೆಂಪಿನ ಮೇಲೆ ಕೆಂಪು, ಇದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಒಂದು ಮರದ ಕೋಲಿಗೆ ಸುತ್ತಿ ಗೋಡೆಗೆ ತೂಗುಹಾಕಿದಾಗ ಅದರ ನವಿಲುಗಳು ಎದ್ದು ನಿಂತವು. ಮಂಚದ ಡ್ರಾಯರ್‌ಗಳಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಗುಂಡಿಗಳು. ಗಿಡ ಒಂದೇ, ಲಾಲ್‌ಬಾಗ್ ನರ್ಸರಿಯಿಂದ ತಂದದ್ದು.

ಕೊನೆಗೆ ಪರದೆ. ಸಿದ್ಧ ಪರದೆ ಬರೋದು 5, 7, 9 ಅಡಿಗೆ. ಕಿಟಕಿ ದೊಡ್ಡದಾಗಿ ಕಾಣಲಿ ಅಂತ ನಾನು ರಾಡನ್ನು ಕಿಟಕಿಗಿಂತ ಅರ್ಧ ಅಡಿ ಮೇಲೆ, ಎರಡೂ ಪಕ್ಕ ಎಂಟೆಂಟು ಇಂಚು ಆಚೆಗೆ ಹೊಡೆಸಿದ್ದೆ. ಅಲ್ಲಿಂದ ನೆಲಕ್ಕೆ ಏಳೂವರೆ ಅಡಿ. 7 ಸಾಲದು, 9 ಹೆಚ್ಚು. ನ್ಯಾಷನಲ್ ಕಾಲೇಜಿನಿಂದ ಮೆಟ್ರೋದಲ್ಲಿ ಎರಡೇ ಸ್ಟಾಪು ಚಿಕ್ಕಪೇಟೆ. ಕಾಟನ್ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ, ರಾಡಿನ ಅಗಲದ ಎರಡರಷ್ಟು ತಂದು ನಮ್ಮ ಬೀದಿ ಟೈಲರ್‌ಗೆ ಕೊಟ್ಟೆ. "ನೀರಲ್ಲಿ ನೆನೆಹಾಕಿದ್ರಾ?" ಅಂತ ಕೇಳಿದರು. ಹೂಂ ಅಂದೆ. ಹಾಕಿರಲಿಲ್ಲ. ಮೂರನೇ ವಾರ ಒಗೆದು ಮತ್ತೆ ತೂಗುಹಾಕಿದಾಗ ಪರದೆ ಎರಡೂವರೆ ಇಂಚು ಮೇಲೆ ಹೋಗಿತ್ತು. ಗದ್ದೆಗೆ ಇಳಿಯೋಕೆ ಪಂಚೆ ಎತ್ತಿ ಕಟ್ಟಿದವರ ಹಾಗೆ ನಿಂತಿತ್ತು.

ನಾನು ಬೈದುಕೊಳ್ಳುತ್ತಾ ಕೂತಿದ್ದೆ. ಅಮ್ಮ ಬೀರು ತೆಗೆದು, ತಳದಿಂದ ದಾಳಿಂಬೆ ಬಣ್ಣದ ಒಂದು ಇಳಕಲ್ ಸೀರೆ ಎಳೆದು ಮಂಚದ ಮೇಲೆ ಹಾಕಿದರು. ಮಡಿಕೆ ಮಡಿಕೆಗೂ ಸೀಳಿತ್ತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಸೀರೆಗಳಿಗೆ ಆಗೋದೇ ಹಾಗೆ. ಅಂಚು ಮಾತ್ರ ನಿನ್ನೆ ನೇಯ್ದ ಹಾಗಿತ್ತು. "ಸೀರಿ ಹರದ್ರೂ ದಡಿ ಹರಿಯಂಗಿಲ್ಲ. ಕತ್ತರಿ ತಗೊಂಬಾ" ಅಂದರು. ನನಗೆ ಕೈ ಬರಲಿಲ್ಲ. ಅವರೇ ಕತ್ತರಿಸಿದರು. ಸೆರಗಿನ ತೋಪು ತೆನೆ ಅನ್ನೋ ಚಿತ್ತಾರ ಬಂದ ಜಾಗದಲ್ಲಿ ನಿಲ್ಲಿಸಿ, ಅಷ್ಟನ್ನು ಮಡಚಿ ವಾಪಸ್ ಬೀರಿನಲ್ಲಿಟ್ಟರು. ಆ ಅಂಚು ಈಗ ಪರದೆಯ ತಳದಲ್ಲಿದೆ. ಬಂದವರೆಲ್ಲ ಮೊದಲು ಕೇಳೋದು ಅದನ್ನೇ. ಬೇಕೂಂತಲೇ ಮಾಡಿಸಿದ್ದು ಅಂತ ಹೇಳುತ್ತೇನೆ.

ಎಲ್ಲ ಸೇರಿ 92 ಸಾವಿರ ಚಿಲ್ಲರೆ ಆಯಿತು. ಗೋಡೆ, ಪೈಪುಗಳಿಗೇ ಅದರಲ್ಲಿ ಅರ್ಧದ ಹತ್ತಿರ.

ಒಂದು ಉಳಿದಿತ್ತು. ಬೀರು ವಾಪಸ್ ಬಂದ ದಿನದಿಂದ ಅದರ ಬಲ ಬಾಗಿಲು ತಾನಾಗೇ ತೆರೆದುಕೊಳ್ಳುತ್ತಿತ್ತು. ನಡುರಾತ್ರಿ ಕಿರ್ರ್ ಅಂತ. ನೆಲ ತೊಳೆದ ನೀರು ಬಾಗಿಲ ಕಡೆ ಹರಿಯಲಿ ಅಂತ ಅಪ್ಪ ವಾಟ ಕೊಡಿಸಿದ್ದರು, ಬೀರು ಮುಂದಕ್ಕೆ ವಾಲುತ್ತಿತ್ತು. ಕಾಲಿನ ಕೆಳಗೆ ರಬ್ಬರ್ ಬುಷ್ ಇಟ್ಟೆವು, ಒಂದು ವಾರಕ್ಕೆ ಚಪ್ಪಟೆಯಾಯಿತು. ಮರದ ಬೆಣೆ ಹೊಡೆದೆವು, ಚೌಕಟ್ಟು ತಿರುಚಿ ಬಾಗಿಲು ಉಜ್ಜಿತು, ಹೊಸ ಬಣ್ಣದ ಮೇಲೆ ಒಂದು ಗೆರೆ. ನನ್ನ ಗಂಡ ಫೋನಿನಲ್ಲಿ ಲೆವೆಲ್ ನೋಡುತ್ತಾ ನೆಲಕ್ಕೆ ಮಲಗಿದ್ದರು. ಅಮ್ಮ ಬಂದು ಸೆರಗಿನ ಗಂಟು ಬಿಚ್ಚಿದರು. ನಾಲ್ಕು ನಾಲ್ಕಾಣೆ. 2011ರ ಜೂನ್ 30ಕ್ಕೆ ಚಲಾವಣೆ ನಿಂತ ಕಾಸು.

"ಎತ್ತಿ ಹಿಡೀರಿ" ಅಂದರು. ನಾವಿಬ್ಬರೂ ಮೂಲೆ ಎತ್ತಿದೆವು. ಅಮ್ಮ ಬಗ್ಗಿ ಒಂದೊಂದಾಗಿ ಪೇರಿಸಿದರು. ಇಳಿಸಿದೆವು. ಬಾಗಿಲು ಅರ್ಧ ತೆಗೆದು ಕೈ ಬಿಟ್ಟೆ. ಬಿಟ್ಟಲ್ಲೇ ನಿಂತಿತು.